ಹರಿಗೋಲು ಹತ್ತಿದ ಹಾವು

"ಬುದ್ಧಿ, ಕಚ್ಚಿದರೆ ಸಾಯುತ್ತೇನೆ ಅಂತ ಗೊತ್ತಿದ್ದೂ ಮನುಷ್ಯ ವಿಷದ ಹಾವನ್ನು ಮನೆಯಲ್ಲಿ ಯಾಕೆ ಸಾಕುತ್ತಾನೆ?"

ಕೇಳಿದವನು ಶಿಷ್ಯ ಕೊಟ್ರಯ್ಯ. ತನ್ನ ಊರಿಗೆ ಹೋಗಿ ಆಗಷ್ಟೇ ಮಠಕ್ಕೆ ಮರಳಿದ್ದ. ಹೆಗಲ ಚೀಲವನ್ನು ಇನ್ನೂ ಒಳಗಿಟ್ಟಿರಲಿಲ್ಲ. ಊರಲ್ಲಿ ಅವನ ಅಣ್ಣ ಒಂದು ನಾಗರಹಾವನ್ನು ಬುಟ್ಟಿಯಲ್ಲಿಟ್ಟು ಸಾಕುತ್ತಿದ್ದ. ತಾಯಿ ಅತ್ತು ಅತ್ತು ಊಟ ಬಿಟ್ಟಿದ್ದಳು.

ಗುರುಗಳು ಬತ್ತಿ ಹೊಸೆಯುತ್ತಿದ್ದರು. "ನಿನಗೇನು ಅನ್ನಿಸುತ್ತದೆ?" ಎಂದರು.

"ಹುಚ್ಚು ಅನ್ನಿಸುತ್ತದೆ, ಬುದ್ಧಿ. ನಿಧಿ ಇದ್ದಲ್ಲಿ ಸರ್ಪ ಕಾವಲಿರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅಣ್ಣನ ಮನೆಯಲ್ಲಿ ತೂತು ಬಿದ್ದ ತಪ್ಪಲೆ ಬಿಟ್ಟರೆ ಏನೂ ಇಲ್ಲ. ಅದಕ್ಕೇ ಒಬ್ಬ ಹಾವಾಡಿಗನಿಗೆ ಹೇಳಿ ಬಂದಿದ್ದೇನೆ. ನಾಳೆ ಅಣ್ಣ ಸಂತೆಗೆ ಹೋದಾಗ ಬಂದು ಅದರ ವಿಷದ ಹಲ್ಲು ಕಿತ್ತು ಹೋಗುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಮ್ಮ ಆಶೀರ್ವಾದ ಬೇಕು."

"ಇದಕ್ಕೆ ಆಶೀರ್ವಾದ ಒಂದು ಕೇಡು!" ಎಂದರು ಗುರುಗಳು. "ಚೀಲ ಕೆಳಗಿಡು. ಕೂತುಕೋ. ನಡುವೆ ಬಾಯಿ ಹಾಕಬೇಡ." ಕೊಟ್ರಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವುದು ಅವನ ಕಸುಬು. ಮಹಾ ಮಾತುಗಾರ. ಈ ದಡದಲ್ಲಿ ಶುರುಮಾಡಿದ ಮಾತು ಆ ದಡ ಮುಟ್ಟಿದರೂ ಮುಗಿಯುತ್ತಿರಲಿಲ್ಲ. ಜನ ಇಳಿದ ಮೇಲೂ ನಿಂತು ಕೇಳುತ್ತಿದ್ದರು. ಒಂದು ದಿನ ಹೀಗೇ ಮಾತಿನ ಭರದಲ್ಲಿದ್ದ. ಅವನ ಮಗಳು, ಸಣ್ಣ ಕೂಸು, ಹರಿಗೋಲಿನ ಅಂಚಿಗೆ ಕುಳಿತು ನೀರಲ್ಲಿ ಕೈ ಆಡಿಸುತ್ತಿದ್ದಳು. ನಡುಹೊಳೆಯಲ್ಲಿ ಅಂಬಿಗ ಏನೋ ತಮಾಷೆ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ತಿರುಗಿ ನೋಡಿದರೆ ಮಗಳಿಲ್ಲ.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೋ ಏನೋ. "ಹಣೆಬರಹ, ಏನು ಮಾಡುವುದು" ಅಂದರು. ಹೆಂಡತಿಯೂ ಹಾಗೇ ಅಂದಳು. ಅಂಬಿಗ ಹುಟ್ಟು ಕೆಳಗಿಟ್ಟು ಹೆಂಡದ ಅಂಗಡಿ ಹಿಡಿದ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು. ನಡುಕ ನಿಲ್ಲಲಿ ಅಂತ ಕುಡಿಯುತ್ತಿದ್ದ, ಕುಡಿದದ್ದಕ್ಕೆ ಮರುದಿನ ಮತ್ತೆ ನಡುಗುತ್ತಿದ್ದ. ಹರಿಗೋಲನ್ನು ಅವನ ತಮ್ಮ ನಡೆಸಿದ. ತಮ್ಮ ಒಳ್ಳೆಯವನು, ಅದನ್ನು ನೆನಪಿಟ್ಟುಕೋ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಹಾವನ್ನೂ ಸೇರಿಸಿ.

ಮಳೆಗಾಲ ಬಂತು. ಅಂಬಿಗ ಒಂದು ದಿನ ಕಂಠಮಟ್ಟ ಕುಡಿದು, ದಡಕ್ಕೆ ಕಟ್ಟಿದ್ದ ಹರಿಗೋಲಿನಲ್ಲೇ ಬಿದ್ದುಕೊಂಡ. ಹೊಳೆ ಏರಿತು, ಹಗ್ಗ ಕಿತ್ತಿತು. ಅವನಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಹರಿಗೋಲು ನೆರೆಯ ನಡುವೆ ಬುಗುರಿಯ ಹಾಗೆ ತಿರುಗುತ್ತಿತ್ತು. ಅವನ ಕಾಲ ಬಳಿ ಒಂದು ನಾಗರಹಾವು ಮುದುಡಿಕೊಂಡಿತ್ತು. ತೇಲಿಬಂದ ಯಾವುದೋ ಮರದ ಏಟು ಬಿದ್ದು ಅದರ ಬೆನ್ನು ಸೀಳಿತ್ತು.

ಆ ಊರಿನ ಅಂಬಿಗರಲ್ಲಿ ಒಂದು ಕಟ್ಟಳೆ. ನೆರೆಯಲ್ಲಿ ಹರಿಗೋಲು ಹತ್ತಿದ ಜೀವವನ್ನು ನೀರಿಗೆ ನೂಕಬಾರದು. ಇಲಿಯಾಗಲಿ ಹುಲಿಯಾಗಲಿ, ದಡ ಮುಟ್ಟಿಸಬೇಕು. ಕುಡುಕನಾದರೂ ಅಂಬಿಗ ಅಂಬಿಗನೇ ತಾನೇ? ಮೆಲ್ಲಗೆ ಹುಟ್ಟು ಕೈಗೆ ತೆಗೆದುಕೊಂಡ. ಹಾವು ಹೆಡೆ ಎತ್ತಿತು. ಕೈ ನಡುಗಿದರೆ ಹುಟ್ಟು ಅದಕ್ಕೆ ತಗಲುತ್ತದೆ, ತಗಲಿದರೆ ಇವನ ಕತೆ ಮುಗಿಯಿತು. ಕೈ ನಡುಗಲಿಲ್ಲ. ಮೈಯೆಲ್ಲ ಕಣ್ಣಾಗಿ ಹುಟ್ಟು ಹಾಕಿದ, ದಡ ಮುಟ್ಟಿಸಿದ. ಮಗಳು ಹೋದ ಮೇಲೆ ಆ ಮನುಷ್ಯ ನಿಜವಾಗಿ ಎಚ್ಚರವಾಗಿದ್ದದ್ದು ಅವತ್ತೇ.

ದಡ ಬಂದರೂ ಹಾವು ಇಳಿಯಲಿಲ್ಲ. ಇಳಿಯುವ ತ್ರಾಣ ಅದಕ್ಕಿರಲಿಲ್ಲ. ಅಂಬಿಗ ಬುಟ್ಟಿಗೆ ಹಾಕಿಕೊಂಡು ಮನೆಗೆ ತಂದ. ಉದ್ದನೆಯ ಕಡ್ಡಿಗೆ ಬಟ್ಟೆ ಸುತ್ತಿ, ಅರಿಶಿನ ಎಣ್ಣೆಯಲ್ಲಿ ಅದ್ದಿ, ದೂರದಿಂದಲೇ ಗಾಯಕ್ಕೆ ಮುಟ್ಟಿಸಿದ. ಹೆಂಡತಿ ಎದೆ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ! ಕುಡಿದದ್ದು ಸಾಲದು ಅಂತ ಯಮನನ್ನೇ ಮನೆಗೆ ಕರೆತಂದಿರಾ?"

"ಗಾಯ ಮಾಯಲಿ, ಬಿಟ್ಟು ಬರುತ್ತೇನೆ" ಅಂದ ಅಂಬಿಗ. ಗಾಯ ಮಾಯಿತು. ಅವನು ಬಿಟ್ಟು ಬರಲಿಲ್ಲ.

ಯಾಕೆ ಬಿಡಲಿಲ್ಲ? ನೀನು ಕೇಳಿದ್ದು ಇದನ್ನೇ ಅಲ್ಲವೇ? ಹಾವು ಸಾಕಿ ಅಂತ ನಾನು ಯಾರಿಗೂ ಹೇಳುವವನಲ್ಲ. ಹಗ್ಗ ಕಂಡರೂ ನನಗೆ ಎದೆ ಝಲ್ಲೆನ್ನುತ್ತದೆ. ಆದರೆ ಅವನ ಪಾಡು ನೋಡು. ಬೆಳಿಗ್ಗೆ ಆ ಬುಟ್ಟಿಯೊಳಗೆ ನೀರಿಡಬೇಕು. ನಡುಗುವ ಕೈಯಲ್ಲಿ ಮುಚ್ಚಳ ತೆಗೆಯುವಂತಿಲ್ಲ. ಕೈ ನಡುಗಬಾರದು ಅಂದರೆ ಹಿಂದಿನ ದಿನ ಹೆಂಡ ಮುಟ್ಟುವಂತಿಲ್ಲ. ದಿನವೂ ಎದ್ದು ಹೊಳೆಗೆ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದ. ಬುಟ್ಟಿಯ ಮುಂದೆ ಕೂರುತ್ತಿದ್ದ. ಉಸಿರು ಬಿಗಿಹಿಡಿದು ಮುಚ್ಚಳ ಎತ್ತುತ್ತಿದ್ದ. ಊರೆಲ್ಲ ಅವನಿಗೆ ಹೋಗಲಿ ಬಿಡು ಅಂದಿತ್ತು. ಎಚ್ಚರವಾಗಿರು ಅಂದದ್ದು ಆ ಹಾವೊಂದೇ.

ಅವನು ಮತ್ತೆ ಹುಟ್ಟು ಹಿಡಿದ. ಈಗ ಮಾತಿಲ್ಲ, ತಮಾಷೆಯಿಲ್ಲ. ಮಕ್ಕಳೆಲ್ಲ ಹರಿಗೋಲಿನ ನಡುವೆಯೇ ಕೂರಬೇಕು. ಯಾವ ಕೂಸಾದರೂ ಅಂಚಿಗೆ ಸರಿದರೆ ಹುಟ್ಟು ನಿಲ್ಲಿಸಿ ಗದರುತ್ತಿದ್ದ. ಮೊದಮೊದಲು ಜನ ಗೊಣಗಿದರು. ಆಮೇಲೆ ಮಕ್ಕಳೊಂದಿಗರೆಲ್ಲ, ತಡವಾದರೂ ಸರಿ, ಅವನ ಹರಿಗೋಲೇ ಬರಲಿ ಅಂತ ದಡದಲ್ಲಿ ಕಾಯುತ್ತಿದ್ದರು.

ಹೆಂಡತಿಗೆ ಮಾತ್ರ ನೆಮ್ಮದಿಯಿಲ್ಲ. ತಪ್ಪೇನು? ಮೂಲೆಯಲ್ಲಿ ಸಾವು ಬುಸುಗುಟ್ಟುತ್ತಿದ್ದರೆ ಕಣ್ಣಿಗೆ ನಿದ್ದೆ ಎಲ್ಲಿಂದ ಹತ್ತಬೇಕು? ಮಗಳು ಹೋಗಿದ್ದಳು, ಇನ್ನು ಗಂಡನೂ ಹೋದರೆ ಅವಳಿಗೆ ಯಾರು ಗತಿ? ಅತ್ತಿಗೆಯ ಕಣ್ಣೀರನ್ನು ತಮ್ಮ ನೋಡಿದ. ಅವನೂ ನಿನ್ನ ಹಾಗೇ ಬುದ್ಧಿವಂತ. ಅಣ್ಣ ಹೊಳೆಯ ಮೇಲಿದ್ದಾಗ ಹಾವಾಡಿಗನನ್ನು ಕರೆತಂದ. ಅತ್ತಿಗೆ ಬಾಗಿಲು ತೆಗೆದಳು. ಹಾವಾಡಿಗ ಹಲ್ಲು ಕಿತ್ತು ಹೋದ.

ಅಂಬಿಗ ಮನೆಗೆ ಬಂದಾಗ ತಮ್ಮ ಮುಖ ಅರಳಿಸಿಕೊಂಡು ಹೇಳಿದ. "ಅಣ್ಣಾ, ಇನ್ನು ಭಯವಿಲ್ಲ. ಹಲ್ಲು ಕೀಳಿಸಿದ್ದೇನೆ. ಹಗ್ಗ ಎತ್ತಿದ ಹಾಗೆ ಎತ್ತು."

ಅಂಬಿಗ ಕೈ ತೊಳೆಯಲಿಲ್ಲ. ಹಾಗೇ ಮುಚ್ಚಳ ತೆಗೆದು ಹಾವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅದರ ಬಾಯಿ ಊದಿಕೊಂಡಿತ್ತು, ರಕ್ತ ಒಸರುತ್ತಿತ್ತು. ಅವನು ತಮ್ಮನಿಗೆ ಏನೂ ಅನ್ನಲಿಲ್ಲ. ಏನು ಅಂದಾನು? ಪ್ರೀತಿಯಿಂದ ಮಾಡಿದ್ದಕ್ಕೆ ಹೇಗೆ ಬೈಯುವುದು? ಹಾವು ಆಮೇಲೆ ಏನನ್ನೂ ಮೂಸಲಿಲ್ಲ, ಸೊರಗಿ ಸತ್ತಿತು. ನಾಗರಕ್ಕೆ ಮಾಡುವ ಪದ್ಧತಿಯಂತೆ ಅದಕ್ಕೆ ಬೆಂಕಿ ಕೊಟ್ಟ. ಅಲ್ಲಿಂದ ನೆಟ್ಟಗೆ ಹೆಂಡದ ಅಂಗಡಿಗೆ ಹೋದ.

ಕುಡಿದೇ ಹುಟ್ಟು ಹಿಡಿದ. ಊರಿಗೆ ಗೊತ್ತಾಗಲಿಲ್ಲ. ಅಂಬಿಗ ಮತ್ತೆ ನಗುತ್ತಾನಲ್ಲ, ಮಾತಾಡುತ್ತಾನಲ್ಲ ಅಂತ ಜನ ಸಂತೋಷಪಟ್ಟರು. ಒಂದು ದಿನ ಹೀಗೇ ನಗುವಾಗ ಒಬ್ಬ ಬಳೆಗಾರ್ತಿಯ ಕೂಸು ಅಂಚಿನಿಂದ ಜಾರಿತು. ಬಳೆಗಾರ್ತಿ ಅಂಗಿ ಹಿಡಿದು ಎಳೆದುಕೊಂಡಳು. ಶಿವನ ದಯೆ, ಕೂಸು ಉಳಿಯಿತು. ಅಂಬಿಗ ನೋಡಿರಲೇ ಇಲ್ಲ. ಅದು ಕಿಟ್ಟನೆ ಕಿರುಚಿದ ಮೇಲೆ ತಿರುಗಿದ್ದ. ದಡಕ್ಕೆ ಬಂದವನು ಮನೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿದ. ಅನ್ನ ಬೇಡ, ನೀರು ಬೇಡ, ಹೆಂಡವೂ ಬೇಡ.

ಹೆಂಡತಿ ಅವನ ಬೆನ್ನನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದಳು. ಸೆರಗು ಬಿಗಿದುಕೊಂಡು ನೇರವಾಗಿ ಹಾವಾಡಿಗನ ಗುಡಿಸಲಿಗೆ ಹೋದಳು.

"ಹಲ್ಲಿರುವ ಹಾವೊಂದು ಕೊಡಪ್ಪ" ಅಂದಳು.

ಹಾವಾಡಿಗ ಕಕ್ಕಾಬಿಕ್ಕಿಯಾದ. "ಏನು ಮಾತಂತ ಆಡುತ್ತೀಯವ್ವ? ಹಲ್ಲು ಕೀಳಲು ಬಾಗಿಲು ತೆಗೆದವಳೇ ನೀನು. ಕಚ್ಚಿದರೆ ನಿನ್ನ ಗಂಡ ಸಾಯುತ್ತಾನೆ."

"ಅದು ಕಚ್ಚಿದರೆ ಒಂದು ದಿನ ಸಾಯುತ್ತಾರೆ. ಈಗ ದಿನಾ ಸಾಯುತ್ತಿದ್ದಾರೆ. ಕೊಡು."

ಹಾವಾಡಿಗ ಬುಟ್ಟಿಗೆ ಹಗ್ಗ ಬಿಗಿದು ಕೊಟ್ಟ. ಒಲೆಯ ಬಳಿ ಜಿರಲೆ ಸರಿದರೂ ಕಿರುಚುತ್ತಿದ್ದ ಹೆಂಗಸು ಅದನ್ನು ತಲೆಯ ಮೇಲೆ ಹೊತ್ತು ನಡೆದಳು. ದಾರಿಯುದ್ದಕ್ಕೂ ಒಳಗೆ ಹಾವು ಹೊರಳುತ್ತಿತ್ತು. ಇವಳು ಇದ್ದಬದ್ದ ದೇವರನ್ನೆಲ್ಲ ಕರೆಯುತ್ತಿದ್ದಳು. ಆದರೆ ಎಲ್ಲೂ ನಿಲ್ಲಲಿಲ್ಲ. ಮನೆಗೆ ಬಂದು ಗಂಡನ ಪಕ್ಕದಲ್ಲಿ ಬುಟ್ಟಿ ಇಳಿಸಿದಳು. ಒಳಗಿನಿಂದ ಬುಸ್ ಅಂದಿತು. ಅಂಬಿಗ ಗೋಡೆಯಿಂದ ಇತ್ತ ತಿರುಗಿದ.

"ಏಳಿ" ಅಂದಳು. "ಕೈ ತೊಳೆದುಕೊಂಡು ಬನ್ನಿ."

ಅವನು ಎದ್ದು ಹೊಳೆಗೆ ಹೋದ.

ಗುರುಗಳು ಇಷ್ಟು ಹೇಳಿ ಮತ್ತೆ ಬತ್ತಿ ಹೊಸೆಯತೊಡಗಿದರು. ಕೊಟ್ರಯ್ಯ ತಡೆಯಲಾಗದೆ ಕೇಳಿದ.

"ಆಮೇಲೆ ಏನಾಯಿತು, ಬುದ್ಧಿ? ಆ ಹಾವು ಅವನನ್ನು ಕಚ್ಚಿತೇ?"

ಗುರುಗಳು ತಲೆ ಎತ್ತಿದರು. "ಅದು ಹಾಗಿರಲಿ ಕೊಟ್ರಯ್ಯ, ನಿಮ್ಮಣ್ಣನ ಹಾವು ಯಾವ ನಿಧಿ ಕಾಯುತ್ತಿದೆ ಅಂತ ನೀನು ಅವನನ್ನು ಕೇಳಿದೆಯಾ?"

ಕೊಟ್ರಯ್ಯ ಎದ್ದ. ಕೆಳಗಿಟ್ಟ ಚೀಲವನ್ನು ಮತ್ತೆ ಹೆಗಲಿಗೇರಿಸಿ ಊರಿನ ದಾರಿ ಹಿಡಿದ.