ಸೂಲಗಿತ್ತಿಯ ಛೀ

“ಗುರುಗಳೇ, ಇಂಗ್ಲಿಷಿನಲ್ಲಿ ‘ಡಿಸ್‌ಗಸ್ಟ್’ ಎಂದೊಂದು ಪದವಿದೆ. ನಿಘಂಟಿನಲ್ಲಿ ಹೇಸಿಗೆ, ಅಸಹ್ಯ, ಜಿಗುಪ್ಸೆ ಎಂದೆಲ್ಲ ಕೊಟ್ಟಿದ್ದಾರೆ. ಅದನ್ನು ಎಲ್ಲಿ ಬಳಸಬೇಕು?” ಎಂದು ಶಿಷ್ಯ ಕೇಳಿದ.

“ನಿಘಂಟು ಬರೆದವನು ಹೆರಿಗೆ ಕೋಣೆ ಕಂಡವನಲ್ಲ. ಅದನ್ನು ಮುಚ್ಚಿಟ್ಟು ಇಲ್ಲಿ ಕೇಳು” ಎಂದರು ಗುರುಗಳು.

ಒಂದೂರಿನಲ್ಲಿ ತಿಪ್ಪಕ್ಕ ಎಂಬ ಸೂಲಗಿತ್ತಿ ಇದ್ದಳು. ಅವಳಿಗೆ ಎಲೆಅಡಿಕೆ ಎಂದರೆ ಪ್ರಾಣ. ಆದರೆ ಹೆರಿಗೆಗೆ ಕರೆ ಬಂತೆಂದರೆ ಅದನ್ನು ಉಗಿದು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿಯೇ ಹೊರಡುತ್ತಿದ್ದಳು. ಕೈ ತೊಳೆಯುವುದು ಸರಿ, ಸೂಲಗಿತ್ತಿಗೆ ಬಾಯೇಕೆ ಎಂದು ಜನ ನಗುತ್ತಿದ್ದರು. ನಗಲಿ ಬಿಡು, ನಗುವವರಿಗೇನು ಕೆಲಸ!

ಅದೇ ಊರಲ್ಲಿ ಒಬ್ಬ ವ್ಯಾಪಾರಿ. ಪಕ್ಕದಲ್ಲಿ ಯಾರಾದರೂ ಸೀನಿದರೆ ಊಟ ಬಿಟ್ಟೇಳುವ ಮನುಷ್ಯ. ಅವನ ಸೊಸೆಗೆ ಎರಡು ದಿನ ನೋವು ತಿಂದ ಮೇಲೆ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಮೈ ನೀಲಿಗಟ್ಟುತ್ತಿತ್ತು. ಬಾಯಿ, ಮೂಗಿನ ತುಂಬ ಲೋಳೆ.

ಮನೆಯವರು ಗೋಳೋ ಎಂದರು. ತಿಪ್ಪಕ್ಕ ಅತ್ತಿತ್ತ ನೋಡಲಿಲ್ಲ. ಕೂಸಿನ ಬಾಯಿಗೆ ಬಾಯಿಟ್ಟು ಲೋಳೆ ಎಳೆದು ಉಗಿದಳು. ಮತ್ತೆ ಎಳೆದಳು, ಮತ್ತೆ ಉಗಿದಳು.

ಬಾಗಿಲಲ್ಲಿದ್ದ ವ್ಯಾಪಾರಿ ಮೂಗು ಮುಚ್ಚಿಕೊಂಡು, “ಛೀ, ಛೀ! ನಿನಗೆ ಹೇಸಿಗೆ ಎನ್ನುವುದೇ ಇಲ್ಲವೇನೇ?” ಎಂದ.

ಅಷ್ಟರಲ್ಲಿ ಕೂಸು ಕಿಟಾರನೆ ಕಿರುಚಿತು. ಅವಳು ಬಾಯಿ ಒರೆಸಿಕೊಂಡು ಹೇಳಿದಳು: “ಇಲ್ಲದೆ ಏನು ಸಾಹುಕಾರ್ರೇ, ನನಗೂ ಹೊಟ್ಟೆ ತೊಳೆಸಿತು. ಆದರೆ ಹೇಸಿಕೊಳ್ಳುತ್ತ ಕೂರೋಕೆ ನನಗೆ ಪುರುಸೊತ್ತಿತ್ತು, ಈ ಕೂಸಿಗೆ ಇರಲಿಲ್ಲ.”

ಗುರುಗಳು ಇಷ್ಟು ಹೇಳಿ ಕಣ್ಣೊರೆಸಿಕೊಂಡರು. ಆ ಹೆಣ್ಣುಮಗಳ ಕಾಲಿಗೆ ಬೀಳಬೇಕಯ್ಯ, ಬಿದ್ದರೂ ಸಾಲದು ಎಂದರು.

ಶಿಷ್ಯನೂ ಕೈ ಜೋಡಿಸಿದ. “ಅಬ್ಬಾ! ಅಂಥ ತಾಯಿಯ ಬಾಯಲ್ಲಿ ‘ಛೀ’ ಎಂಬ ಮಾತು ಜನ್ಮದಲ್ಲೇ ಬಂದಿರಲಾರದು, ಗುರುಗಳೇ” ಎಂದ.

“ಬಂತು ಕಣಯ್ಯ, ಅವತ್ತೇ ಬಂತು, ಕೂಸು ಹೆಣ್ಣೆಂದು ತಿಳಿದು ಆ ವ್ಯಾಪಾರಿ ಮುಖ ತಿರುಗಿಸಿದಾಗ.”