ಗಾಜಿನ ನೂಲು ಮತ್ತು ಕರಗಿದ ಪ್ಲಾಸ್ಟಿಕ್

ಅಚ್ಚಿನಲ್ಲಿ ತುದಿಯಿಂದ ತುದಿಗೆ ಮಲಗಿದ್ದ ಗಾಜಿನ ನೂಲಿನ ಮೇಲೆ ಕರಗಿದ ಪ್ಲಾಸ್ಟಿಕ್ ಬಂದು ಹರಡಿಕೊಂಡಿತು. ಎರಡೂ ಸೇರಿ ಬಸ್ಸಿನ ಮೆಟ್ಟಿಲಿಗೆ ಹಲಗೆಯಾಗಬೇಕಿತ್ತು.

“ಒಳಗೆ ಬಾರಯ್ಯ,” ಎಂದಿತು ನೂಲು. “ನನ್ನ ಒಂದೊಂದು ಎಳೆಯ ನಡುವೆಯೂ ನೀನು ಇಳಿಯಬೇಕು. ಎಳೆಗಳು ಒಣಗಿಯೇ ಉಳಿದರೆ ಭಾರ ಬಿದ್ದಾಗ ಒಂದಕ್ಕೊಂದು ಉಜ್ಜಿ ಮುರಿಯುತ್ತವೆ.”

“ನಾನು ಜೇನಿಗಿಂತ ಮಂದ. ಆ ಸಂದಿಗಳಲ್ಲಿ ನುಗ್ಗುತ್ತ ಕೂತರೆ ಹೊತ್ತು ಹೋಗುತ್ತದೆ. ಕೊಳ್ಳುವವರು ನೋಡುವುದು ನನ್ನ ಹೊಳಪನ್ನು, ನಿನ್ನ ಹೊಟ್ಟೆಯನ್ನಲ್ಲ.”

“ಅವಸರವೇನಿಲ್ಲ. ನೀನು ಇಳಿಯುವವರೆಗೆ ಒತ್ತಿ ಹಿಡಿದಿರುತ್ತೇನೆ,” ಎಂದಿತು ಮೇಲಿದ್ದ ಹಳೆಯ ಪ್ರೆಸ್ಸು.

“ನೀವು ಹಿರಿಯರು, ದಣಿದಿದ್ದೀರಿ. ಏಳಿ, ಒಳಗೆಲ್ಲ ತುಂಬಿದ್ದೇನೆ,” ಎಂದು ಪ್ಲಾಸ್ಟಿಕ್ ಸುಳ್ಳು ಹೇಳಿತು. ಪ್ರೆಸ್ಸು ನಂಬಿ ಎದ್ದಿತು.

ಹಲಗೆ ಕನ್ನಡಿಯಂತೆ ಹೊಳೆಯಿತು. ಪರೀಕ್ಷೆಗೆಂದು ಅದರ ಮೇಲೆ ಭಾರ ಹೇರಿದಾಗ ನಡುವೆ ಮುರಿಯಿತು.

“ಬೇಸರ ಮಾಡಿಕೊಳ್ಳಬೇಡ,” ಎಂದಿತು ಪ್ಲಾಸ್ಟಿಕ್. “ನನ್ನನ್ನು ಮತ್ತೆ ಕರಗಿಸುತ್ತಾರೆ. ಮುಂದಿನ ಸಲ ಖಂಡಿತ ಒಳಗೆ ಬರುತ್ತೇನೆ.”

ಅದನ್ನು ಮತ್ತೆ ಕರಗಿಸಿದರು. ತುಂಡಾದ ನೂಲನ್ನು ಗುಡಿಸಿ ಹೊರಗೆ ಹಾಕಿದರು.