ಕಾಣೆಯಾದ ಹನ್ನೆರಡು ಹೋಳಿಗೆ

ಮದುವೆಯ ಅಡುಗೆಯ ಗುತ್ತಿಗೆ ಹಿಡಿದಿದ್ದ ತುಂಗಮ್ಮನವರ ಉಗ್ರಾಣದಿಂದ ಹನ್ನೆರಡು ಹೋಳಿಗೆ ಕಾಣೆಯಾದವು.

ವರನ ಸೋದರಮಾವ ಅನಂತರಾಮಯ್ಯನವರು ಎಲ್ಲರೆದುರು ಗುಡುಗಿದರು. “ಕದ್ದವರು ನಿಮ್ಮ ಅಡುಗೆಯವರೇ! ಊಟಕ್ಕೆ ಮೊದಲು ಕಳ್ಳನನ್ನು ಹಿಡಿದುಕೊಡಿ. ಇಲ್ಲವಾದರೆ ಈ ಊರಿನ ಯಾವ ಮದುವೆಗೂ ನಿಮ್ಮನ್ನು ಕರೆಯದಂತೆ ಮಾಡುತ್ತೇನೆ.”

ತುಂಗಮ್ಮನವರು ಕೈಮುಗಿದರು. “ಹೋದದ್ದೇ ಒಳ್ಳೆಯದಾಯಿತು ಬಿಡಿ, ರಾಯರೇ. ಆ ಹೂರಣಕ್ಕೆ ಏಲಕ್ಕಿ ಹಾಕಲು ಮರೆತಿದ್ದೆ. ಬಡಿಸಿದ್ದರೆ ನನ್ನ ಮಾನ ಹೋಗುತ್ತಿತ್ತು.”

ಬೀಗರ ಕಡೆಯ ಹಿರಿಯರು ಅಡುಗೆಯ ವಿಷಯದಲ್ಲಿ ಸುಮ್ಮನಿರುವುದುಂಟೆ?

“ಸುಳ್ಳು!” ಎಂದರು ರಾಯರು. “ಏಲಕ್ಕಿ ಹನ್ನೆರಡರಲ್ಲೂ ಇತ್ತು. ಕೊಂಚ ಹೆಚ್ಚೇ ಇತ್ತು!”

ಚಪ್ಪರವೆಲ್ಲ ನಕ್ಕಿತು. ತುಂಗಮ್ಮನವರು ಮಾತ್ರ ನಗಲಿಲ್ಲ. ಬಡಿಸುವವರನ್ನು ಕರೆದು ಹೇಳಿದರು: “ರಾಯರಿಗೆ ಹೋಳಿಗೆ ಮೊದಲೇ ಆಗಿದೆ. ಅವರ ಎಲೆಗೆ ತುಪ್ಪ ಮಾತ್ರ ಬಡಿಸಿ.”